ರಾಜಕಾರಣಿಗೆ ಅರ್ಥಶಾಸ್ತ್ರದ ಪದವಿ ಬೇಕೇ?

ಹಣಕಾಸಿನ ಬಗ್ಗೆ ಮಾತಾಡುವ ರಾಜಕಾರಣಿಯನ್ನು ‘ನೀವು ಓದಿರೋದೇನು?’ ಅಂತ ಕೇಳಿದರೆ ಸಾಕೇ? ಬ್ರಿಟನ್ನಿನ ಕ್ವಾಸಿ ಕ್ವಾರ್ಟೆಂಗ್ ಅವರನ್ನು ನೋಡಿ. ಆರ್ಥಿಕ ಇತಿಹಾಸದಲ್ಲಿ ಕೇಂಬ್ರಿಡ್ಜ್‌ನ ಪಿಎಚ್.ಡಿ. ಪಡೆದವರು. ಹಣಕಾಸು ಸಚಿವರಾಗಿ 2022ರ ಸೆಪ್ಟೆಂಬರ್ 23ರಂದು ಸುಮಾರು 45 ಬಿಲಿಯನ್ ಪೌಂಡ್ ತೆರಿಗೆ ಕಡಿತ ಘೋಷಿಸಿದರು. ಅದರಿಂದ ಬೀಳುವ ಕೊರತೆ ತುಂಬುವ ದಾರಿ ತೋರಿಸಲಿಲ್ಲ, ಸ್ವತಂತ್ರ ಸಂಸ್ಥೆಯ ಮುನ್ನಂದಾಜನ್ನೂ ಜೊತೆಗೆ ಪ್ರಕಟಿಸಲಿಲ್ಲ. ಡಾಲರ್ ಎದುರು ಪೌಂಡ್ ದಾಖಲೆಯ ತಳಕ್ಕೆ ಕುಸಿಯಿತು. ಪಿಂಚಣಿ ನಿಧಿಗಳನ್ನು ಕಾಪಾಡಲು ಬ್ಯಾಂಕ್ ಆಫ್ ಇಂಗ್ಲೆಂಡ್ ಸರ್ಕಾರಿ ಬಾಂಡ್ ಖರೀದಿಗೆ ಇಳಿಯಬೇಕಾಯಿತು. ಅಕ್ಟೋಬರ್ 14ಕ್ಕೆ ಅವರ ಕುರ್ಚಿ ಹೋಯಿತು.

ಹಾಗಾದರೆ ಓದು ವ್ಯರ್ಥವೇ? ಖಂಡಿತ ಅಲ್ಲ. 1991ರಲ್ಲಿ ನಮ್ಮ ವಿದೇಶಿ ವಿನಿಮಯ ಬರಿದಾಗುತ್ತಿದ್ದಾಗ, ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಮನಮೋಹನ್ ಸಿಂಗ್ ಅವರ ತಿಳಿವಳಿಕೆ ದೇಶಕ್ಕೆ ಒದಗಿತು. ಆದರೆ ಅದರ ಬೆನ್ನಿಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಅನುಭವವಿತ್ತು, ಪ್ರಧಾನಿ ನರಸಿಂಹ ರಾವ್ ಅವರ ಬೆಂಬಲವಿತ್ತು. ಇತ್ತ ಕರ್ನಾಟಕದಲ್ಲಿ ಹತ್ತಕ್ಕೂ ಹೆಚ್ಚು ಬಜೆಟ್ ಮಂಡಿಸಿದ ಸಿದ್ದರಾಮಯ್ಯ ಕಾನೂನು ಪದವೀಧರರು. ಅವರ ಗ್ಯಾರಂಟಿ ಯೋಜನೆಗಳನ್ನು ಒಪ್ಪಿ, ವಿರೋಧಿಸಿ. ವಾದ ನಡೆಯಬೇಕಾದ್ದು ಸಾಲ, ಆದಾಯ, ಫಲಾನುಭವಿಗಳ ಮೇಲೆ.

‘ಗೊತ್ತಿಲ್ಲದವರ ಮಾತು ಯಾಕೆ ನಂಬಬೇಕು?’ ಅಂತೀರಾ? ನಂಬಬೇಡಿ, ಪರೀಕ್ಷಿಸಿ. ಪದವಿ ಇದ್ದವರನ್ನೂ ಹಾಗೇ ಪರೀಕ್ಷಿಸಿ. ಅರ್ಥಶಾಸ್ತ್ರ ಓದಿದವರಷ್ಟೇ ಮಾತಾಡಬೇಕು ಅಂದರೆ, ಬೆಲೆ ಏರಿಕೆಯಲ್ಲಿ ಬೇಯುವ ಮತದಾರರ ಬಾಯಿಯನ್ನೂ ಮುಚ್ಚಿಸಿದಂತೆ. ಹಾಗಾಗಿ ಯಾರೇ ಭರವಸೆ ಕೊಡಲಿ, ಮೂರು ಪ್ರಶ್ನೆ ಕೇಳಿ: ದುಡ್ಡು ಎಲ್ಲಿಂದ ಬರುತ್ತೆ, ಹೊರೆ ಯಾರ ಮೇಲೆ ಬೀಳುತ್ತೆ, ಈ ಲೆಕ್ಕ ಪರಿಶೀಲಿಸಿದವರು ಯಾರು?