ಬೀಡಿ ಬಾಗಿಲಾಚೆ ಇರಲಿ

ರಾಯಚೂರಿನ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ. ಬಿಸಿಲು ನಲವತ್ತು ಡಿಗ್ರಿ ದಾಟಿದರೆ ಮಧ್ಯಾಹ್ನ ಬಿಸಿಗಾಳಿಗೆ ಹೆದರಿ ಬಾಗಿಲು, ಕಿಟಕಿ ಮುಚ್ಚಿಕೊಂಡು ಕೂರಬೇಕು. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ನಡುವೆ ತೊಟ್ಟಿಲು. ಅಂಥ ಮನೆಯಲ್ಲಿ ಯಜಮಾನ ಒಂದು ಬೀಡಿ ಹಚ್ಚಿದರೆ ಹೊಗೆ ಹೋಗುವುದಾದರೂ ಎಲ್ಲಿಗೆ? ಅಜ್ಜಿಯ ಎದೆಗೆ, ಬಾಣಂತಿಯ ಎದೆಗೆ, ತೊಟ್ಟಿಲ ಕೂಸಿನ ಎದೆಗೆ.

ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿ ಇರಲಿ, ಸರಕಾರದ ನೆರವಿನಿಂದ ಎದ್ದ ಬಡವರ ಮನೆಗಳು ಸಣ್ಣವು, ಒಂದಕ್ಕೊಂದು ಹತ್ತಿರ. ಒಬ್ಬರ ಮನೆಯ ಹೊಗೆ ಪಕ್ಕದವರ ಕಿಟಕಿಗೂ ಬರುತ್ತದೆ. 'ಅಲ್ಲಿನ ಮಾತು ನಮಗ್ಯಾಕೆ?' ಎಂದು ಕರಾವಳಿಯಲ್ಲಿ ಕೂತ ಓದುಗರು ಕೇಳಬಹುದು. ಘಟ್ಟ ಹತ್ತಿ ಹೋಗಿ ಹೋಟೆಲ್, ಬೇಕರಿ ನಡೆಸುವ ನಮ್ಮವರು ಕೆಲಸದ ಹುಡುಗರಿಗೆ ಕೊಡುವ ರೂಮು ಒಮ್ಮೆ ನೆನಪು ಮಾಡಿಕೊಳ್ಳಿ. ಒಂದು ಕೋಣೆ, ಸಾಲಾಗಿ ಚಾಪೆ, ಒಂದು ಸಣ್ಣ ಕಿಟಕಿ. ಅದೂ ಇಂಥದ್ದೇ ವಸತಿ. ಅಲ್ಲಿ ಒಬ್ಬ ಸೇದಿದರೆ ಮಲಗಿದವರೆಲ್ಲ ಸೇದಿದ ಹಾಗೆ.

ಕಾನೂನು ಬಾಗಿಲ ತನಕ ಮಾತ್ರ

ಬಸ್ ನಿಲ್ದಾಣದಲ್ಲಿ, ಕಚೇರಿಯಲ್ಲಿ, ಹೋಟೆಲಿನಲ್ಲಿ ಸೇದಬಾರದು ಎಂದು 2003ರ ಕೋಟ್ಪಾ ಕಾಯ್ದೆ ಹೇಳುತ್ತದೆ. ಅದರ ಬಿಗಿ ನಿಯಮಗಳು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಯಾದವು. ನಮ್ಮ ರಾಜ್ಯದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ದಂಡ 200ರಿಂದ 1,000 ರೂಪಾಯಿಗೆ ಏರಿತು. ತಂಬಾಕು ಕೊಳ್ಳುವ ವಯಸ್ಸು 21 ಆಯಿತು. ಹುಕ್ಕಾ ಬಾರ್‌ಗಳಿಗೂ ಬಾಗಿಲು ಬಿತ್ತು.

ಇಷ್ಟೆಲ್ಲ ಆದರೂ ಕಾನೂನು ಮನೆಯ ಹೊಸ್ತಿಲು ದಾಟುವುದಿಲ್ಲ. ಕೇಂದ್ರ ಸರಕಾರದ 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 38.7ರಷ್ಟು ಮಂದಿ ಸ್ವಂತ ಮನೆಯೊಳಗೇ ಬೇರೆಯವರ ಹೊಗೆ ಕುಡಿಯುತ್ತಾರೆ. ಮಕ್ಕಳ ಲೆಕ್ಕ ಇದರಲ್ಲಿ ಸೇರಿಲ್ಲ.

'ಕಿಟಕಿ ತೆಗೆದಿದ್ದೇನಲ್ಲ, ಫ್ಯಾನ್ ಹಾಕಿದ್ದೇನಲ್ಲ' ಎನ್ನುವವರಿದ್ದಾರೆ. ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಇದಕ್ಕೆ ಉತ್ತರ ಕೊಟ್ಟಿದೆ. ಬೇರೆಯವರ ಹೊಗೆ ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ, ಗಾಳಿ ಆಡಿಸಿದರೆ ಅದು ಪೂರ್ತಿ ಹೋಗುವುದೂ ಇಲ್ಲ. ಹೊಗೆಯ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಅಸ್ತಮಾ ಕೆರಳುತ್ತದೆ, ಕಿವಿ ಸೋರುತ್ತದೆ, ಕಫ ಕಟ್ಟಿ ನ್ಯುಮೋನಿಯಾ ಆಗುವ ಸಂಭವ ಹೆಚ್ಚು.

ಹಕ್ಕುಪತ್ರ ಅವಳದು, ಮಾತು ಯಾರದು?

ಆಶ್ರಯ ಯೋಜನೆ ಶುರುವಾದದ್ದು 1991-92ರಲ್ಲಿ. 2000ದಿಂದ ರಾಜೀವ್ ಗಾಂಧಿ ವಸತಿ ನಿಗಮ ಇಂಥ ಯೋಜನೆಗಳನ್ನು ನೋಡಿಕೊಳ್ಳುತ್ತಿದೆ. ಈ ಮನೆಗಳನ್ನು ಸಾಮಾನ್ಯವಾಗಿ ಹೆಂಗಸರ ಹೆಸರಿಗೇ ಕೊಡುತ್ತಾರೆ. ಕಾಗದದಲ್ಲಿ ಮನೆಯೊಡತಿ ಅವಳು. ಆದರೆ 'ಹೊರಗ ಹೋಗಿ ಸೇದ್ರಿ' ಎಂಬ ಒಂದು ಮಾತು ಅವಳ ಬಾಯಿಂದ ಬಂದರೆ ನಡೆಯುತ್ತದೆಯೇ?

ಪಕ್ಕದ ಕೇರಳದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೇದುವ ಗಂಡಸರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಮನೆಯೊಳಗೇ ಸೇದುತ್ತಿದ್ದರು. ಶೇ. 80ರಷ್ಟು ಹೆಂಗಸರು ಬೇಡ ಎಂದು ಹೇಳಿಯೂ ಇದ್ದರು, ಯಾರೂ ಕೇಳಿರಲಿಲ್ಲ. ಒಬ್ಬೊಬ್ಬಳೇ ಹೇಳಿದರೆ ಆಗದ್ದನ್ನು ಊರೇ ಸೇರಿ ಹೇಳೋಣ ಎಂದು ಹೊರಟರು. ಸಭೆ ಮಾಡಿ ಹೊಗೆಯ ವಿಷಯ ತಿಳಿಸಿದರು, 'ನಮ್ಮ ಮನೆಯಲ್ಲಿ ಸೇದುವುದಿಲ್ಲ' ಎಂಬುದನ್ನು ಊರಿನ ಒಪ್ಪಂದ ಮಾಡಿದರು. ಆರು ತಿಂಗಳ ಮೇಲೆ ನೋಡಿದಾಗ, ಊರಿನಿಂದ ಊರಿಗೆ ವ್ಯತ್ಯಾಸವಿದ್ದರೂ, ಸೇದುವವರಲ್ಲಿ ಶೇ. 34ರಿಂದ 59ರಷ್ಟು ಮಂದಿ ಮನೆಯೊಳಗೆ ಸೇದುವುದನ್ನು ಬಿಟ್ಟಿದ್ದರು. ಪೊಲೀಸರು ಬರಬೇಕಾಗಲಿಲ್ಲ.

ಅಮೆರಿಕ ಮಾಡಿದ್ದು

ಅಮೆರಿಕದಲ್ಲಿ ಬಡವರಿಗೆ ಸರಕಾರವೇ ಬಾಡಿಗೆಗೆ ಕೊಡುವ ಮನೆಗಳಿವೆ. 2018ರ ಜುಲೈ ಅಂತ್ಯದೊಳಗೆ ಅವೆಲ್ಲ ಹೊಗೆಮುಕ್ತವಾಗಬೇಕು ಎಂದು ಅಲ್ಲಿನ ವಸತಿ ಇಲಾಖೆ ನಿಯಮ ತಂದಿತು. ಮನೆಯೊಳಗಷ್ಟೇ ಅಲ್ಲ, ಕಟ್ಟಡದಿಂದ 25 ಅಡಿ ದೂರದವರೆಗೂ ಸೇದುವಂತಿಲ್ಲ. ಅಲ್ಲಿ ವಾಸಿಸುವವರು ಸುಮಾರು 20 ಲಕ್ಷ ಜನ, ಅವರಲ್ಲಿ ಮಕ್ಕಳೇ 7 ಲಕ್ಷಕ್ಕೂ ಹೆಚ್ಚು.

ಆಗ ಎದ್ದ ದೊಡ್ಡ ಭಯ ಒಂದೇ: ಸೇದಿದ ತಪ್ಪಿಗೆ ಬಡವರನ್ನು ಮನೆಯಿಂದ ಹೊರಗೆ ಹಾಕಿದರೆ? ಭಯ ಸುಳ್ಳಲ್ಲ. ಗಂಡ ಸೇದಿದ್ದಕ್ಕೆ ಹೆಂಡತಿ, ಮಕ್ಕಳು ಬೀದಿಗೆ ಬಿದ್ದರೆ ನಿಯಮ ಯಾರನ್ನು ಕಾಪಾಡಿದ ಹಾಗಾಯಿತು? ಅದಕ್ಕೇ ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಪತ್ರ, ಜತೆಗೆ ಚಟ ಬಿಡಲು ಸಹಾಯ, ಹೀಗೆ ಹಂತಹಂತವಾಗಿ ಹೋಗಿ ಎಂದು ಇಲಾಖೆ ಹೇಳಿತು. ನಾವು ಕಲಿಯಬೇಕಾದದ್ದು ಇದು. ಸೇದುವವನನ್ನು ಹೊರಗೆ ಹಾಕುವುದಲ್ಲ, ಹೊಗೆಯನ್ನು ಹೊರಗೆ ಹಾಕುವುದು.

ನಮ್ಮ ಓಣಿಯಲ್ಲಿ ಹೇಗೆ?

ಮೊದಲು ಹೆಂಗಸರು ಕೂಡಲಿ. ಸ್ವಸಹಾಯ ಸಂಘದ ವಾರದ ಸಭೆಯಲ್ಲೇ ಈ ಮಾತು ಎತ್ತಬಹುದು. ಆಶಾ ಕಾರ್ಯಕರ್ತೆ ಜತೆಗಿದ್ದರೆ ಮಾತಿಗೆ ತೂಕ ಬರುತ್ತದೆ.

ಎರಡನೆಯದು, ಸೇದುವವರಿಗೆ ಒಂದು ಜಾಗ ತೋರಿಸಿ. ಓಣಿಯ ತುದಿಯಲ್ಲಿ ಒಂದು ಮರದ ನೆರಳು ಸಾಕು. ಜಾಗ ತೋರಿಸದೆ ಬೈದರೆ ಜಗಳ ಮಾತ್ರ ಉಳಿಯುತ್ತದೆ.

ಮೂರನೆಯದು, ಹೋಟೆಲ್ ರೂಮಿಗೆ ಮಾಲೀಕರೇ ನಿಯಮ ಹಾಕಲಿ, ಮೊದಲು ತಾವೇ ಪಾಲಿಸಲಿ. ಊರು ಬಿಟ್ಟು ಬಂದ ಹದಿನೆಂಟರ ಹುಡುಗ 'ಕಾಕ, ಹೊರಗೆ ಹೋಗಿ ಸೇದಿ' ಎಂದು ದೊಡ್ಡವರಿಗೆ ಹೇಳಲಾರ. ಮನೆ ಬಾಡಿಗೆಗೆ ಕೊಡುವವರು ಕರಾರು ಪತ್ರದಲ್ಲೇ ಒಂದು ಸಾಲು ಸೇರಿಸಬಹುದು.

ಪೂರ್ತಿ ಬಿಡಬೇಕೆಂದಿರುವವರಿಗೆ ಸರಕಾರದ ಉಚಿತ ಸಹಾಯವಾಣಿ ಇದೆ: 1800-11-2356.

ಕರಾವಳಿಯ ನಮ್ಮ ಮನೆಗಳಿಗೆ ಬೀಡಿ ಬೇರೆಯದಲ್ಲ. ಎಷ್ಟೋ ಉಮ್ಮಂದಿರು ಮೊರದ ಮುಂದೆ ಕೂತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ, ಹೆಣ್ಮಕ್ಕಳ ಮದುವೆ ಮಾಡಿದ್ದಾರೆ. ಆ ಋಣ ಮರೆಯುವ ಮಾತಿಲ್ಲ. ಆದರೆ ಕಟ್ಟಿದ ಕೈಗಳಿಗೂ ಅದರ ಹೊಗೆ ಬೇಡ.

ಎಂಥ ಚಟದವನೂ ಮಸೀದಿಯ ಮೆಟ್ಟಿಲಲ್ಲಿ ಬೀಡಿ ಆರಿಸಿಯೇ ಒಳಗೆ ಬರುತ್ತಾನೆ. ಬೋರ್ಡ್ ನೋಡಿ ಅಲ್ಲ, ದಂಡಕ್ಕೆ ಹೆದರಿಯೂ ಅಲ್ಲ. ಆ ಮರ್ಯಾದೆಯಲ್ಲಿ ಒಂದು ಪಾಲು ಮನೆಯ ಹೊಸ್ತಿಲಿಗೂ ಸಿಕ್ಕರೆ ಸಾಕು, ತೊಟ್ಟಿಲ ಕೂಸಿಗೆ ಅದಕ್ಕಿಂತ ದೊಡ್ಡ ಕಾನೂನು ಬೇಕಾಗಿಲ್ಲ.