ಫೋನಿನಲ್ಲಿ ‘ನಾನು ನಾನೇ’ ಎಂದು ತೋರಿಸುವುದು ಹೇಗೆ?



ಊರಿನ ಕಿರಾಣಿ ಅಂಗಡಿಯವರು ನಮ್ಮ ಮುಖ ನೋಡಿದ ಕೂಡಲೇ ಸಾಲದ ಪುಸ್ತಕದಲ್ಲಿ ನಮ್ಮ ಪುಟ ತೆಗೆಯುತ್ತಾರೆ. ನೀನು ಯಾರು, ನಿನ್ನ ಹುಟ್ಟಿದ ದಿನ ಯಾವುದು ಎಂದು ಕೇಳುವುದಿಲ್ಲ. ಆದರೆ ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿದಾಗ ಆ ತುದಿಯಲ್ಲಿ ಇರುವವರು ನಮ್ಮನ್ನು ಎಂದೂ ಕಂಡವರಲ್ಲ. ಅವರ ಮುಂದೆ ಇರುವುದು ಒಂದು ಧ್ವನಿ ಮತ್ತು ಗಣಕದ ಪರದೆಯ ಮೇಲಿನ ಒಂದಿಷ್ಟು ವಿವರ, ಇಷ್ಟೇ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ನಿವೃತ್ತ ಶಿಕ್ಷಕರೊಬ್ಬರು ಪತ್ನಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಮುಂಗಡ ಹಣ ಕಟ್ಟಲು ಹೋದರೆ ಕಾರ್ಡ್ ನಡೆಯುತ್ತಿಲ್ಲ. ಎಂದೂ ಇಲ್ಲದ ದೊಡ್ಡ ಮೊತ್ತ ಬಂದದ್ದರಿಂದ ಬ್ಯಾಂಕಿನ ಯಂತ್ರ ಸಂಶಯಪಟ್ಟು ತಡೆದಿದೆ. ಅವರು ಫೋನ್ ಮಾಡುತ್ತಾರೆ. ಹುಟ್ಟಿದ ದಿನಾಂಕ, ತಾಯಿಯ ಹೆಸರು, ಹಿಂದಿನ ಬಿಲ್ಲಿನ ಮೊತ್ತ ಎಂದು ಮೂರು ಪ್ರಶ್ನೆಗಳು ಬರುತ್ತವೆ. ಮೂರಕ್ಕೂ ಉತ್ತರಿಸುತ್ತಾರೆ. ಆದರೂ, “ಕ್ಷಮಿಸಿ ಸರ್, ಪರಿಶೀಲನೆ ಸರಿಹೋಗಲಿಲ್ಲ” ಎಂಬ ಮಾತು ಕೇಳಿಬರುತ್ತದೆ. “ಯಾವ ಉತ್ತರ ತಪ್ಪಾಯಿತಮ್ಮ?” ಎಂದರೆ, “ಅದನ್ನು ಹೇಳುವ ಹಾಗಿಲ್ಲ ಸರ್” ಎನ್ನುತ್ತಾರೆ.

ಹಣ ತನ್ನದು, ಹೆಸರು ತನ್ನದು. ಹೀಗಿದ್ದೂ ತಾನು ತಾನಲ್ಲ ಎಂದು ಹೇಳಿಸಿಕೊಳ್ಳುವ ಈ ಅವಸ್ಥೆ ಏಕೆ ಬರುತ್ತದೆ? ಇದರ ಹಿಂದೆ ಸ್ವಲ್ಪ ಗಣಿತವಿದೆ, ಸ್ವಲ್ಪ ಭೌತವಿಜ್ಞಾನವಿದೆ, ನಮ್ಮ ನಾಡಿನ ಹೆಸರಿಡುವ ಪದ್ಧತಿಯೂ ಇದೆ.

ಎರಡು ಬಗೆಯ ತಪ್ಪುಗಳು

ಯಾವುದೇ ಪರಿಶೀಲನೆಯನ್ನು ಜರಡಿಗೆ ಹೋಲಿಸಬಹುದು. ಜರಡಿಯ ಕಣ್ಣು ದೊಡ್ಡದಾದರೆ ಹಿಟ್ಟಿನೊಡನೆ ಕಲ್ಲೂ ಇಳಿಯುತ್ತದೆ. ತೀರ ಚಿಕ್ಕದಾದರೆ ಒಳ್ಳೆಯ ಹಿಟ್ಟೂ ಮೇಲೆ ನಿಲ್ಲುತ್ತದೆ. ಹಾಗೆಯೇ ಪರಿಶೀಲನೆಯಲ್ಲಿ ಎರಡು ತಪ್ಪುಗಳು ಸಾಧ್ಯ. ಕಳ್ಳನನ್ನು ಒಡೆಯನೆಂದು ನಂಬುವುದು ಒಂದು. ಒಡೆಯನನ್ನು ಕಳ್ಳನೆಂದು ತಳ್ಳುವುದು ಇನ್ನೊಂದು. ಅದೇ ಪ್ರಶ್ನೆಗಳನ್ನೇ ಇಟ್ಟುಕೊಂಡು ಒಂದು ತಪ್ಪನ್ನು ಕಡಿಮೆ ಮಾಡಲು ಹೊರಟರೆ ಇನ್ನೊಂದು ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಬೇಕಾದರೆ ಪ್ರಶ್ನೆಗಳೇ ಬೇರೆಯಾಗಬೇಕು.

ಎಲ್ಲ ಕೆಲಸಕ್ಕೂ ಒಂದೇ ಜರಡಿ ಬೇಕಿಲ್ಲ ಎಂಬುದನ್ನೂ ಗಮನಿಸಬೇಕು. ಕಳೆದುಹೋದ ಕಾರ್ಡನ್ನು ನಿಲ್ಲಿಸಿ ಎಂದು ಯಾರೋ ಸುಳ್ಳು ಹೇಳಿದರೂ ಆಗುವ ನಷ್ಟ ಚಿಕ್ಕದು, ಹೊಸ ಕಾರ್ಡ್ ಬರುವ ತನಕ ತೊಂದರೆ. ಆದರೆ ಫೋನ್ ಸಂಖ್ಯೆಯನ್ನೋ ವಿಳಾಸವನ್ನೋ ಬದಲಿಸಿ ಎಂದು ಕಳ್ಳನು ಹೇಳಿ ಅದು ನಡೆದುಹೋದರೆ ಇಡೀ ಖಾತೆಯೇ ಅವನ ಕೈಗೆ ಹೋಗುತ್ತದೆ. ಆದ್ದರಿಂದ ಮೊದಲನೆಯದಕ್ಕೆ ದೊಡ್ಡ ಕಣ್ಣಿನ ಜರಡಿ, ಎರಡನೆಯದಕ್ಕೆ ಸಣ್ಣ ಕಣ್ಣಿನದು. ಗ್ರಾಹಕರು ಕಾರ್ಡ್ ಕಳೆದಿದೆ ಎಂದು ತಿಳಿಸಿದ ತಕ್ಷಣ ಅದನ್ನು ನಿಲ್ಲಿಸಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಹೇಳಿದ್ದು ಈ ತರ್ಕಕ್ಕೆ ಹೊಂದುತ್ತದೆ.

ತಪ್ಪು ಯಾವುದೆಂದು ಏಕೆ ಹೇಳುವುದಿಲ್ಲ?

ಮೂರು ಪ್ರಶ್ನೆಗಳಿವೆ, ಒಂದೊಂದಕ್ಕೂ 10 ಸಂಭವನೀಯ ಉತ್ತರಗಳಿವೆ ಎಂದಿಟ್ಟುಕೊಳ್ಳಿ. ಒಟ್ಟು ಜೋಡಣೆಗಳು 10 × 10 × 10, ಅಂದರೆ 1000. ‘ಸರಿಯಿಲ್ಲ’ ಎಂದಷ್ಟೇ ಉತ್ತರ ಬಂದರೆ ಕಳ್ಳನು 1000 ಸಲ ಪ್ರಯತ್ನಿಸಬೇಕಾಗಬಹುದು. ಆದರೆ ‘ಮೊದಲನೆಯದು ಸರಿ, ಉಳಿದೆರಡು ತಪ್ಪು’ ಎಂದು ಪ್ರತಿ ಸಲವೂ ಹೇಳಿದರೆ? ಅವನು ಮೂರೂ ಪ್ರಶ್ನೆಗಳ ಉತ್ತರವನ್ನು ಏಕಕಾಲದಲ್ಲಿ ಒಂದೊಂದಾಗಿ ಬದಲಿಸುತ್ತಾ ಹೋಗುತ್ತಾನೆ. ಹೆಚ್ಚೆಂದರೆ 10 ಪ್ರಯತ್ನಗಳಲ್ಲಿ ಮೂರೂ ಸಿಕ್ಕಿಬಿಡುತ್ತವೆ. 1000 ಎಲ್ಲಿ, 10 ಎಲ್ಲಿ!

ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ಫೋನ್ ಸೇವೆಯನ್ನೇ ತಡೆಯುವುದಕ್ಕೂ ಇದೇ ಕಾರಣ. ಆದ್ದರಿಂದ ಆ ತುದಿಯ ಹುಡುಗಿಯ ಮೌನವನ್ನು ಉದ್ಧಟತನವೆಂದು ತಿಳಿಯಬಾರದು. ಆ ಮೌನವೇ ನಮ್ಮ ಹಣಕ್ಕೆ ಹಾಕಿದ ಬೀಗ.

ನಮ್ಮ ಹೆಸರು, ನಮ್ಮ ಹುಟ್ಟುದಿನ

‘ಮೊದಲ ಹೆಸರು, ಕೊನೆಯ ಹೆಸರು ಹೇಳಿ’ ಎಂಬುದು ಪಶ್ಚಿಮ ದೇಶಗಳ ಪದ್ಧತಿಯಿಂದ ಬಂದ ಪ್ರಶ್ನೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ವ್ಯಕ್ತಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲನೆಯದೇ ವ್ಯಕ್ತಿ, ಎರಡನೆಯದು ತಂದೆ, ಕೊನೆಯದು ಮನೆತನ. ಒಂದೇ ನಾಡಿನಲ್ಲಿ ಎರಡು ಕ್ರಮ! ‘ತಾಯಿಯ ಮದುವೆಗೆ ಮುಂಚಿನ ಅಡ್ಡಹೆಸರು’ ಎಂಬ ಪ್ರಶ್ನೆಯಂತೂ ಅಡ್ಡಹೆಸರೇ ಇಲ್ಲದ ಮನೆಗಳಲ್ಲಿ ಅರ್ಥಹೀನ. ಅರ್ಜಿ ತುಂಬಿಸಿದವರು ಅಲ್ಲಿ ತಾಯಿಯ ಹೆಸರು ಬರೆದರೋ, ಅಜ್ಜನ ಹೆಸರು ಬರೆದರೋ, ಹತ್ತು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ?

ಹುಟ್ಟುದಿನದ್ದೂ ಇದೇ ಕಥೆ. ಹಿಂದಿನ ತಲೆಮಾರಿನ ಅನೇಕರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ. ಶಾಲೆ ತೆರೆಯುವ ಜೂನ್ ತಿಂಗಳ 1ನೇ ತಾರೀಖನ್ನು ಬರೆಯುವುದು ವಾಡಿಕೆಯಾಗಿತ್ತು. ಇದರಿಂದ ತೊಂದರೆ ಎರಡು ಬಗೆಯದು. ಜಾತಕದ ದಿನವನ್ನು ಹೇಳಿದವರು ಪರೀಕ್ಷೆಯಲ್ಲಿ ಸೋಲುತ್ತಾರೆ. ಜೂನ್ 1 ಎಂದು ಊಹಿಸಿದ ಕಳ್ಳನು ಗೆಲ್ಲುವ ಸಂಭವವಿದೆ. ಬ್ಯಾಂಕಿನ ಯಂತ್ರಕ್ಕೆ ಬೇಕಾಗಿರುವುದು ನಿಜವಲ್ಲ, ದಾಖಲೆಯಲ್ಲಿ ಇರುವುದು.

ತಂತಿಯಲ್ಲಿ ಕಳೆದುಹೋಗುವ ಅಕ್ಷರ

ಇನ್ನು ಭೌತವಿಜ್ಞಾನದ ಪಾತ್ರ. ಸಾಂಪ್ರದಾಯಿಕ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್ ಕಂಪನಾಂಕದ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಮಾತು ತಿಳಿಯಲು ಇಷ್ಟು ಸಾಕು. ಆದರೆ ‘ಸ’, ‘ಫ’ ಮುಂತಾದ ಉಚ್ಚಾರಣೆಗಳ ಶಕ್ತಿಯ ಹೆಚ್ಚಿನ ಭಾಗ ಇದಕ್ಕಿಂತ ಮೇಲಿನ ಕಂಪನಾಂಕಗಳಲ್ಲಿದೆ. ಅದು ದಾರಿಯಲ್ಲೇ ಸೋರಿಹೋಗುತ್ತದೆ. ಇಂಗ್ಲಿಷಿನ ‘ಎಸ್’ ಮತ್ತು ‘ಎಫ್’ ಫೋನಿನಲ್ಲಿ ಒಂದೇ ರೀತಿ ಕೇಳಿಸುವುದು ಇದರಿಂದಲೇ. ಕಾಗುಣಿತ ಹೇಳುವಾಗ ‘ಮೈಸೂರಿನ ಎಮ್, ನಂಜನಗೂಡಿನ ಎನ್’ ಎಂದು ಊರಿನ ಹೆಸರು ಸೇರಿಸುವ ನಮ್ಮ ರೂಢಿ ಬಹಳ ವೈಜ್ಞಾನಿಕವಾದದ್ದು.

ಗುಟ್ಟಲ್ಲದ ಗುಟ್ಟು

ಇಂಥ ಪ್ರಶ್ನೆಗಳು ಹೊಸವಲ್ಲ. 1906ರಲ್ಲಿ ಅಮೆರಿಕದ ಬಾಲ್ಟಿಮೋರಿನ ಬ್ಯಾಂಕರ್ ವಿಲಿಯಂ ಹೇಡನ್ ಅವರು, ತಮ್ಮ ಬ್ಯಾಂಕಿನ ಸಹಿ ಚೀಟಿಯಲ್ಲಿ ಹುಟ್ಟಿದ ಊರು, ತಾಯಿಯ ತೌರಿನ ಹೆಸರು ಮುಂತಾದುವಕ್ಕೆ ಜಾಗವಿರುವುದನ್ನು ವಿವರಿಸಿದ್ದರು. ಅಂದು ಅವು ಮನೆಯೊಳಗಿನ ವಿಷಯಗಳು. ಇಂದು ಹುಟ್ಟುಹಬ್ಬದ ಶುಭಾಶಯಗಳನ್ನು ಊರೆಲ್ಲ ನೋಡುವ ಹಾಗೆ ಹಾಕುತ್ತೇವೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಸಾರಾ ಪೇಲಿನ್ ಅವರ ಇಮೇಲ್ ಖಾತೆಯೊಳಗೆ ಒಬ್ಬ ಕಾಲೇಜು ವಿದ್ಯಾರ್ಥಿ ನುಗ್ಗಿದ್ದು ಇಂಥ ಪ್ರಶ್ನೆಗಳಿಗೆ ಸಾರ್ವಜನಿಕವಾಗಿ ದೊರೆತ ಉತ್ತರಗಳಿಂದಲೇ.

2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರು ತಮ್ಮದೇ ಉತ್ತರಗಳಲ್ಲಿ ಶೇಕಡ 20ನ್ನು ಆರು ತಿಂಗಳೊಳಗೆ ಮರೆತಿದ್ದರು. ಪರಿಚಯದವರು ಶೇಕಡ 17 ಉತ್ತರಗಳನ್ನು ಊಹಿಸಬಲ್ಲವರಾಗಿದ್ದರು. ಅಂದರೆ ಒಡೆಯನಿಗೆ ಕಷ್ಟ, ಪರರಿಗೆ ಸುಲಭ. ಜರಡಿ ತಿರುಗುಮುರುಗಾಗಿದೆ! 2015ರಲ್ಲಿ ಗೂಗಲ್ ಸಂಶೋಧಕರು, ‘ನಿಮ್ಮ ಮೆಚ್ಚಿನ ತಿನಿಸು ಯಾವುದು’ ಎಂಬ ಪ್ರಶ್ನೆಗೆ ಇಂಗ್ಲಿಷ್ ಬಳಕೆದಾರರು ಕೊಟ್ಟ ಉತ್ತರವನ್ನು ಒಂದೇ ಊಹೆಯಲ್ಲಿ ಪತ್ತೆಹಚ್ಚುವ ಸಂಭವ ಶೇಕಡ 19.7 ಎಂದು ಕಂಡರು.

ಆದ್ದರಿಂದಲೇ ‘ನಮಗೆ ಗೊತ್ತಿರುವುದ’ರ ಜೊತೆಗೆ ‘ನಮ್ಮ ಕೈಯಲ್ಲಿರುವುದ’ನ್ನೂ ಕೇಳುವ ಕ್ರಮ ಬಂತು. ನಮ್ಮ ಮೊಬೈಲಿಗೆ ಬರುವ ಒಟಿಪಿ ಇದಕ್ಕೆ ಉದಾಹರಣೆ. ಆರು ಅಂಕಿಗಳ ಒಟಿಪಿಗೆ 10 ಲಕ್ಷ ಸಾಧ್ಯತೆಗಳಿವೆ, ಆಯುಷ್ಯ ಕೆಲವೇ ನಿಮಿಷ. ಕಾರ್ಡನ್ನು ಯಂತ್ರಕ್ಕೆ ಹಾಕದೆ ಮಾಡುವ ಆನ್‌ಲೈನ್ ಪಾವತಿಗಳಿಗೆ ಇಂಥ ಹೆಚ್ಚುವರಿ ಪರಿಶೀಲನೆಯನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು.

ಪರೀಕ್ಷೆ ಎರಡೂ ಕಡೆಗೆ

ನಾವು ಬ್ಯಾಂಕಿಗೆ ಫೋನ್ ಮಾಡಿದರೆ ಬ್ಯಾಂಕು ನಮ್ಮನ್ನು ಪರೀಕ್ಷಿಸುವುದು ನ್ಯಾಯ. ಆದರೆ ‘ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ’ ಎಂದು ಅವರೇ ಫೋನ್ ಮಾಡಿದಾಗ ಅವರು ಯಾರೆಂದು ನಮಗೇನು ಗೊತ್ತು? ಆಗ ಪರೀಕ್ಷಿಸಬೇಕಾದವರು ನಾವು. ಸೇವೆಗೆ ಸಂಬಂಧಿಸಿದ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಆದರೂ ಪರದೆಯ ಮೇಲೆ ಕಾಣುವ ಸಂಖ್ಯೆಯೊಂದನ್ನೇ ನಂಬಿ ಗುಟ್ಟು ಬಿಟ್ಟುಕೊಡಬಾರದು. ಫೋನ್ ಇಟ್ಟುಬಿಟ್ಟು, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆ ಮಾಡುವುದು ಉತ್ತಮ. ಪಿನ್, ಒಟಿಪಿ, ಕಾರ್ಡಿನ ಹಿಂದಿನ ಮೂರಂಕಿಯ ಸಂಖ್ಯೆ ಇವನ್ನು ಕರೆ ಮಾಡಿದ ಯಾರಿಗೂ ಹೇಳಕೂಡದು. ಮೋಸ ನಡೆದುಹೋದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಮೊದಲ ಗಂಟೆಗಳು ಬಹಳ ಮುಖ್ಯ.

ನೀವು ಮಾಡಬಹುದಾದದ್ದು

ಮನೆಯಲ್ಲಿ ಹಿರಿಯರು, “ನೀನೇ ಮಾತಾಡಪ್ಪ, ನನಗೆ ಅವರ ಇಂಗ್ಲಿಷ್ ತಿಳಿಯಲ್ಲ” ಎಂದು ಫೋನನ್ನು ನಿಮ್ಮ ಕೈಗೆ ಕೊಡುವುದುಂಟು. ಆಗ ಅಪ್ಪನೇ ಮಾತಾಡುತ್ತಿರುವಂತೆ ನಟಿಸಬೇಡಿ. ಸಂಶಯ ಬಂದರೆ ಕಾರ್ಡೇ ನಿಂತುಹೋಗಬಹುದು. ಕನ್ನಡದಲ್ಲಿ ಮಾತಾಡುವವರನ್ನು ಕೊಡಿ ಎಂದು ಕೇಳಿ. ಸ್ಪೀಕರ್ ಹಾಕಿ, ಉತ್ತರವನ್ನು ಅವರಿಂದಲೇ ಹೇಳಿಸಿ.

ಪರಿಶೀಲನೆಯಲ್ಲಿ ಸೋತರೆ ಊಹೆಯ ಮೇಲೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಗುರುತಿನ ಚೀಟಿಯೊಡನೆ ಶಾಖೆಗೆ ಹೋಗಿ ದಾಖಲೆಯನ್ನು ಸರಿಪಡಿಸಿಕೊಳ್ಳುವುದೇ ದಾರಿ. ಇನ್ನೂ ಒಳ್ಳೆಯದೆಂದರೆ, ಆಪತ್ತು ಬರುವ ಮುಂಚೆಯೇ ಒಂದು ಭಾನುವಾರ ಮನೆಯವರೊಡನೆ ಕುಳಿತು ಆಧಾರ್, ಪಾನ್, ಪಾಸ್‌ಪುಸ್ತಕ, ಕಾರ್ಡಿನ ಬಿಲ್ಲು ಇವುಗಳಲ್ಲಿ ಹೆಸರಿನ ಕಾಗುಣಿತ, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ತೆರನಾಗಿವೆಯೇ ನೋಡಿ. ಬ್ಯಾಂಕಿನಲ್ಲಿರುವ ಮೊಬೈಲ್ ಸಂಖ್ಯೆ ಈಗ ಬಳಕೆಯಲ್ಲಿರುವುದೇ ಎಂದು ಕೇಳಿ. ಬ್ಯಾಂಕಿನ ಸಂಖ್ಯೆಯನ್ನು ಬೇರೆ ಕಡೆ ಬರೆದಿಡಿ. ಕಾರ್ಡೇ ಕಳೆದಾಗ ಅದರ ಹಿಂಬದಿಯ ಸಂಖ್ಯೆಯೂ ಕಳೆದಿರುತ್ತದಲ್ಲವೇ?

ಮಾಡಿ ನೋಡಿ: ತರಗತಿಯಲ್ಲಿ ಹತ್ತು ಮಂದಿ ಸೇರಿ. ಇಬ್ಬರು ಬೆನ್ನು ತಿರುಗಿಸಿ ಕುಳಿತು, ಒಬ್ಬರು ‘ಬ್ಯಾಂಕು’ ಆಗಿ ಇನ್ನೊಬ್ಬರಿಗೆ ಸುಳ್ಳು ಖಾತೆಯೊಂದರ ಬಗ್ಗೆ ಐದು ಪ್ರಶ್ನೆ ಕೇಳಲಿ. ಉಳಿದ ಎಂಟು ಮಂದಿಯಲ್ಲಿ ಎಷ್ಟು ಜನರಿಗೆ ಆ ಉತ್ತರಗಳನ್ನು ಊಹಿಸಲು ಸಾಧ್ಯವಾಯಿತೆಂದು ಲೆಕ್ಕ ಹಾಕಿ. ಗೆಳೆಯರಿಗೆ ಊಹಿಸಲಾಗದ, ಆದರೆ ಉತ್ತರಿಸುವವರು ಎಂದೂ ಮರೆಯದ ಒಂದೇ ಒಂದು ಪ್ರಶ್ನೆಯನ್ನು ರಚಿಸಲು ಪ್ರಯತ್ನಿಸಿ. ಅದು ಎಷ್ಟು ಕಷ್ಟವೆಂಬುದು ಆಗ ನಿಮಗೇ ತಿಳಿಯುತ್ತದೆ.