ಖಾರಕ್ಕೆ ಶಾಖವುಂಟೆ?

ಉಷ್ಣದ ಪಾಠ ಮುಗಿದಿತ್ತು. ಶಾಖವೆಂದರೇನು, ಉಷ್ಣತೆಯೆಂದರೇನು ಎಂಬ ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ, ಸಂದೇಹಗಳಿದ್ದರೆ ಕೇಳಬಹುದೆಂದು ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತನು. “ಸಾರ್, ಮೆಣಸಿನಕಾಯಿ ತಿಂದರೆ ಬಾಯಿ ಉರಿಯುತ್ತದೆ, ಮೈ ಬೆವರುತ್ತದೆ. ಆ ಶಾಖ ಎಲ್ಲಿಂದ ಬರುತ್ತದೆ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂದಿತು; ಉತ್ತರ ಮಾತ್ರ ಬರಲಿಲ್ಲ. ನಾಳೆ ಹೇಳುವೆನೆಂದು ಹೊರಬಂದೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಜ್ವರ ನೋಡುವ ಉಷ್ಣತಾಮಾಪಕವನ್ನು ಪಕ್ಕದಲ್ಲಿಟ್ಟುಕೊಂಡೆ. ನಾಲಿಗೆಯ ಕೆಳಗಿಟ್ಟು ನೋಡಿದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಒಂದು ಹಸಿಮೆಣಸಿನಕಾಯಿಯನ್ನು ಚೆನ್ನಾಗಿ ಅಗಿದು ನುಂಗಿದೆ. ಕಣ್ಣಿನಲ್ಲಿ ನೀರು ತುಂಬಿತು, ಹಣೆಯ ಮೇಲೆ ಬೆವರು ಮೂಡಿತು. ಮಾಪಕವನ್ನು ಮತ್ತೆ ಇಟ್ಟು ನೋಡಿದೆ. ಬೆಂಕಿ ಬಿದ್ದಂತಿದ್ದ ಆ ಬಾಯಿಯಲ್ಲಿ ಅದು ಜ್ವರವನ್ನು ತೋರಿಸಲಿಲ್ಲ. ನಾಲಿಗೆ ಒಂದು ಹೇಳುತ್ತದೆ, ಮಾಪಕ ಇನ್ನೊಂದು ಹೇಳುತ್ತದೆ. ಎರಡು ಉಪಕರಣಗಳು ಹೀಗೆ ಭಿನ್ನವಾಗಿ ನುಡಿದಾಗ, ಪ್ರತಿಯೊಂದೂ ನಿಜವಾಗಿ ಏನನ್ನು ಅಳೆಯುತ್ತಿದೆಯೆಂದು ವಿಚಾರಿಸುವುದೇ ಭೌತವಿಜ್ಞಾನದ ಪದ್ಧತಿ. ನಾವೂ ಹಾಗೆಯೇ ಮಾಡೋಣ.

ಹೆಸರನ್ನು ಎರವಲು ಪಡೆದ ಕಾಯಿ

ಮೆಣಸಿನಕಾಯಿಯಿಲ್ಲದ ಅಡಿಗೆಮನೆಯನ್ನು ಇಂದು ನಾವು ಊಹಿಸಲಾರೆವು. ಆದರೂ ಐನೂರೈವತ್ತು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಅದನ್ನು ಕಂಡವರೇ ಇರಲಿಲ್ಲ. ಆಗ ಖಾರವನ್ನು ಕೊಡುತ್ತಿದ್ದವು ಕಾಳುಮೆಣಸು, ಹಿಪ್ಪಲಿ, ಶುಂಠಿಗಳು. ಮೆಣಸಿನ ಗಿಡದ ತವರು ಅಮೆರಿಕ ಖಂಡ. ಮೆಕ್ಸಿಕೊದಿಂದ ಬೊಲಿವಿಯದವರೆಗಿನ ಜನರು ಸಾವಿರಾರು ವರ್ಷಗಳಿಂದ ಅದನ್ನು ಬೆಳೆಸುತ್ತಿದ್ದರು. ಅವರು ಸಾಗುವಳಿಗೆ ತಂದ ಜಾತಿಗಳು ಐದು. ಬದನೆ, ಟೊಮೇಟೊ, ಆಲೂಗೆಡ್ಡೆ, ಹೊಗೆಸೊಪ್ಪುಗಳೆಲ್ಲ ಇದರ ದಾಯಾದಿಗಳು.

1492ರಲ್ಲಿ ಕಾಳುಮೆಣಸಿನ ನಾಡನ್ನು ಹುಡುಕಿ ಹೊರಟ ಕೊಲಂಬಸನು ತಲಪಿದ್ದು ಕೆರಿಬಿಯನ್ ದ್ವೀಪಗಳನ್ನು. ಅಲ್ಲಿ ಸಿಕ್ಕ ಖಾರದ ಕಾಯಿಗೂ ಅವನ ಕಡೆಯವರು ಮೆಣಸಿನ ಹೆಸರನ್ನೇ ಹಚ್ಚಿದರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಅದು ಗೋವೆಯ ಕಡೆಯಿಂದ ನಮ್ಮಲ್ಲಿಗೆ ಬಂದಿತು. ಕನ್ನಡಿಗರೂ ತಮಗೆ ಗೊತ್ತಿದ್ದ ಮೆಣಸನ್ನು ನೆನೆದು ಇದನ್ನು ‘ಮೆಣಸಿನಕಾಯಿ’ ಎಂದರು. ಕಡಲಿನ ಎರಡು ದಡಗಳಲ್ಲಿ ಒಂದೇ ಬಗೆಯ ನಾಮಕರಣ! ಅದೇ ಶತಮಾನ ಮುಗಿಯುವ ಮೊದಲೇ ಅದು ಚೀನವನ್ನೂ ಮುಟ್ಟಿತ್ತು. ಹಂಗೆರಿಯಲ್ಲಿ ಅದು ‘ಪಪ್ರಿಕ’ವಾಗಿ ನೆಲಸಿತು; 1930ರ ದಶಕದಲ್ಲಿ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದದ್ದು ಈ ಪಪ್ರಿಕದಿಂದಲೇ.

ನಾಲಿಗೆಯೇ ಮಾಪಕವಾದಾಗ

ಖಾರಕ್ಕೆ ಕಾರಣವಾದ ವಸ್ತುವಿಗೆ 1876ರಲ್ಲಿ ಥ್ರೆಶ್ ಎಂಬ ಆಂಗ್ಲ ವಿಜ್ಞಾನಿ ‘ಕ್ಯಾಪ್ಸೈಸಿನ್’ ಎಂದು ಹೆಸರಿಟ್ಟನು. ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕಗಳಿಂದಾದ ಅಣು ಇದು. ಕಾಯನ್ನು ಸೀಳಿದರೆ, ಬೀಜಗಳು ಅಂಟಿಕೊಂಡಿರುವ ಬಿಳಿಯ ಭಾಗದಲ್ಲಿ ಇದು ಹೆಚ್ಚಾಗಿರುತ್ತದೆ. ಬೀಜವೇ ಖಾರವೆಂಬ ನಂಬಿಕೆ ಸರಿಯಲ್ಲ. ನೆರೆಯ ಭಾಗದ ಖಾರ ಅದಕ್ಕೆ ಅಂಟಿರುತ್ತದೆ, ಅಷ್ಟೆ. ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆದುದರಿಂದಲೇ ಖಾರ ಹತ್ತಿದಾಗ ಚೊಂಬುಗಟ್ಟಲೆ ನೀರು ಕುಡಿದರೂ ಪ್ರಯೋಜನವಾಗದು. ಒಂದು ಲೋಟ ಹಾಲು ಅಥವಾ ಒಂದು ತುತ್ತು ಮೊಸರನ್ನ ಮೇಲು.

ಖಾರವನ್ನು ಅಳೆಯುವುದು ಹೇಗೆ? 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧಶಾಸ್ತ್ರಜ್ಞನು ಒಂದು ಉಪಾಯವನ್ನು ಮಾಡಿದನು. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಬೆರೆಸಿ ರುಚಿ ನೋಡುವವರಿಗೆ ಕೊಡುವುದು. ಖಾರ ತಿಳಿಯದಂತಾಗುವವರೆಗೂ ನೀರನ್ನು ಹೆಚ್ಚಿಸುತ್ತ ಹೋಗುವುದು. ಐವತ್ತು ಸಾವಿರ ಪಾಲು ನೀರು ಬೇಕಾದರೆ ಆ ಕಾಯಿಯ ಅಂಕ 50,000. ದೊಣ್ಣೆಮೆಣಸಿನಕಾಯಿಗೆ ಸೊನ್ನೆ. ಮೆಕ್ಸಿಕೊದ ಹಾಲಪೆನ್ಯೊಗೆ 2,500ರಿಂದ 8,000. ನಮ್ಮ ಈಶಾನ್ಯ ಭಾರತದ ಭೂತ್ ಜೊಲೊಕಿಯಾ 10 ಲಕ್ಷವನ್ನು ದಾಟಿ 2007ರಲ್ಲಿ ವಿಶ್ವದಾಖಲೆಗೆ ಸೇರಿತು. 2023ರಲ್ಲಿ ಅಮೆರಿಕದ ‘ಪೆಪ್ಪರ್ ಎಕ್ಸ್’ ಎಂಬ ತಳಿಗೆ 26,93,000 ಅಂಕ ದೊರೆಯಿತು. ಶುದ್ಧ ಕ್ಯಾಪ್ಸೈಸಿನ್ನಿನ ಅಂಕವಾದರೋ ಸುಮಾರು 1 ಕೋಟಿ 60 ಲಕ್ಷ!

ಆದರೆ ನಾಲಿಗೆ ಬೇಗ ದಣಿಯುವ ಮಾಪಕ, ಒಬ್ಬರದರಂತೆ ಇನ್ನೊಬ್ಬರದಿಲ್ಲ. ಆದುದರಿಂದ ಈಗ ಕ್ಯಾಪ್ಸೈಸಿನ್ನಿನ ಪ್ರಮಾಣವನ್ನು ಯಂತ್ರದಿಂದಲೇ ಅಳೆದು ಅದನ್ನು ಸ್ಕೋವಿಲ್ ಅಂಕಕ್ಕೆ ಪರಿವರ್ತಿಸುತ್ತಾರೆ. ಬಣ್ಣವಂತೂ ಖಾರದ ಅಳತೆಯೇ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಕಡುಗೆಂಪು, ಖಾರವೋ ಮಿತವಾದದ್ದು. ಕೆಂಪನ್ನು ಕೊಡುವ ಅಣು ಬೇರೆ, ಉರಿಯನ್ನು ಕೊಡುವ ಅಣು ಬೇರೆ.

ಒಂದೇ ಗಂಟೆ, ಎರಡು ಹಗ್ಗ

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ನಮ್ಮ ಭಾಷೆಯಲ್ಲಿ ಒಲೆಯೂ ಉರಿಯುತ್ತದೆ, ಬಾಯಿಯೂ ಉರಿಯುತ್ತದೆ. ಇದು ಬರಿಯ ಅಲಂಕಾರವಲ್ಲವೆಂಬುದು 1997ರಲ್ಲಿ ಸ್ಥಿರಪಟ್ಟಿತು. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ಜ್ಞಾನತಂತುಗಳ ತುದಿಯಲ್ಲಿ ಕ್ಯಾಪ್ಸೈಸಿನ್ ಹಿಡಿದುಕೊಳ್ಳುವ ಒಂದು ಪ್ರೋಟೀನನ್ನು ಗುರುತಿಸಿದರು. ಅದು ಜೀವಕೋಶದ ಗೋಡೆಯಲ್ಲಿರುವ ಚಿಕ್ಕ ಬಾಗಿಲಿನಂತೆ ಇದೆ. ಉಷ್ಣತೆ ಸುಮಾರು 43 ಡಿಗ್ರಿಯನ್ನು ಮೀರಿದಾಗ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಮ್, ಸೋಡಿಯಮ್‌ಗಳ ವಿದ್ಯುದಂಶಯುಕ್ತ ಕಣಗಳು ಒಳನುಗ್ಗುತ್ತವೆ, ‘ಸುಡುತ್ತಿದೆ!’ ಎಂಬ ಸುದ್ದಿ ವಿದ್ಯುತ್ ರೂಪದಲ್ಲಿ ಮಿದುಳಿಗೆ ಓಡುತ್ತದೆ. ಕ್ಯಾಪ್ಸೈಸಿನ್ ತಗುಲಿದರೆ 37 ಡಿಗ್ರಿಯಲ್ಲಿಯೇ ಆ ಬಾಗಿಲು ತೆರೆಯುತ್ತದೆ. ಗಂಟೆ ಒಂದೇ, ಎಳೆಯುವ ಹಗ್ಗ ಎರಡು. ದೂರದಲ್ಲಿ ಕುಳಿತ ಮಿದುಳಿಗೆ ಯಾವ ಹಗ್ಗವನ್ನು ಎಳೆದರೆಂಬುದು ತಿಳಿಯದು.

ಖಾರವು ಸಿಹಿ, ಹುಳಿ, ಉಪ್ಪು, ಕಹಿಗಳಂತಹ ರುಚಿಯಲ್ಲ, ಅದು ನೋವು. ರುಚಿ ತಿಳಿಯದ ಕಣ್ಣಿಗೆ ಮೆಣಸಿನ ಕೈ ತಗುಲಿದರೂ ಉರಿಯುವುದು ಇದರಿಂದಲೇ. ಪುದೀನದ ಮೆಂತಾಲ್ ಹೀಗೆಯೇ ತಂಪನ್ನು ತಿಳಿಸುವ ಬೇರೊಂದು ಬಾಗಿಲನ್ನು ತೆರೆಯುತ್ತದೆ. ಚೀನದ ಸಿಚುವಾನ್ ಮೆಣಸು ತುಟಿಯನ್ನು ಜುಮ್ಮೆನಿಸುತ್ತದೆ. ಆ ಜುಮ್ಮನ್ನು ಬೆರಳಿಗೆ ಕೊಟ್ಟ ಕಂಪನದೊಡನೆ ಹೋಲಿಸಿ ನೋಡಿದಾಗ, ಅದು ಸೆಕೆಂಡಿಗೆ ಸುಮಾರು 50 ಕಂಪನಗಳಿಗೆ ಸಮವೆಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಮ್ಮ ಕರಾವಳಿಯ ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ ಅದರದೇ ಬಳಗದ್ದು.

ಹಕ್ಕಿಗಳ ದೇಹದಲ್ಲಿಯೂ ಆ ಉಷ್ಣದ ಬಾಗಿಲುಂಟು. ಆದರೆ ಕ್ಯಾಪ್ಸೈಸಿನ್ ಅದನ್ನು ತೆರೆಯಲಾರದು. ಗಿಳಿ ಮೆಣಸಿನಹಣ್ಣನ್ನು ನಿಶ್ಚಿಂತೆಯಿಂದ ತಿನ್ನುವ ಗುಟ್ಟು ಇದೇ. ಬೀಜವನ್ನು ಹಲ್ಲಿನಿಂದ ಅರೆದು ಕೆಡಿಸುವ ಇಲಿಯಂಥ ಪ್ರಾಣಿಗಳನ್ನು ದೂರವಿಟ್ಟು, ಬೀಜವನ್ನು ಇಡಿಯಾಗಿ ಹೊರಹಾಕುವ ಹಕ್ಕಿಯನ್ನು ಕರೆಯುವುದು ಗಿಡಕ್ಕೆ ಲಾಭ.

ಈ ತಿಳಿವಳಿಕೆ ಕುತೂಹಲಕ್ಕಷ್ಟೇ ಸೀಮಿತವಲ್ಲ. ಕ್ಯಾಪ್ಸೈಸಿನ್ ಹೆಚ್ಚು ಹೊತ್ತು ತಗುಲಿದರೆ ಆ ಜ್ಞಾನತಂತುಗಳು ಸುದ್ದಿ ಕಳುಹಿಸುವುದನ್ನೇ ನಿಲ್ಲಿಸುತ್ತವೆ. ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉರಿಯುವ ನೋವಿಗೆ, ಕ್ಯಾಪ್ಸೈಸಿನ್ ಲೇಪಿಸಿದ ಪಟ್ಟಿಯೊಂದನ್ನು 2009ರಲ್ಲಿ ಅಮೆರಿಕದಲ್ಲಿ ಅಂಗೀಕರಿಸಿದರು. ಉರಿಯನ್ನು ಉರಿಯಿಂದಲೇ ಶಮನಮಾಡುವ ಚಿಕಿತ್ಸೆಯಿದು. ಸ್ಪರ್ಶ ಮತ್ತು ಉಷ್ಣದ ಬಾಗಿಲುಗಳನ್ನು ಕಂಡುಹಿಡಿದುದಕ್ಕಾಗಿ ಜೂಲಿಯಸ್‌ರಿಗೂ ಆರ್ಡೆಮ್ ಪಟಪೂಟಿಯನ್‌ರಿಗೂ 2021ರ ನೊಬೆಲ್ ಪಾರಿತೋಷಕ ಸಂದಿತು.

ಮರುದಿನ ತರಗತಿಯಲ್ಲಿ ಆ ವಿದ್ಯಾರ್ಥಿಯನ್ನು ಎಬ್ಬಿಸಿ ಹೇಳಿದೆ: “ಬಾಯಿಗೆ ಶಾಖ ಬರಲಿಲ್ಲಪ್ಪ, ಶಾಖ ಬಂದಿತೆಂಬ ಸುಳ್ಳು ಸುದ್ದಿ ಬಂದಿತು.” ಅವನು ಬಿಡಲಿಲ್ಲ. “ಹಾಗಾದರೆ ಬೆವರೂ ಸುಳ್ಳೇ, ಸಾರ್?” ಎಂದನು. ಇಲ್ಲ, ಬೆವರು ನಿಜ. ಸುಳ್ಳು ಸುದ್ದಿಯನ್ನು ನಂಬಿ ದೇಹ ನಿಜವಾದ ನೀರನ್ನೇ ಸುರಿಸುತ್ತದೆ. ಒಂದು ಗ್ರಾಂ ಬೆವರು ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಶಾಖ ಬೇಕು; ಅದರ ಬಹುಪಾಲನ್ನು ಅದು ನಮ್ಮ ಮೈಯಿಂದಲೇ ತೆಗೆದುಕೊಳ್ಳುತ್ತದೆ. ಹೀಗಾಗಿ ಮೆಣಸಿನಕಾಯಿ ತಿಂದು ಬೆವರಿದವನ ಮೈಯಿಂದ ಶಾಖ ಹೊರಹೋಗುತ್ತದೆಯೇ ಹೊರತು ಹೊರಗಿನಿಂದ ಒಳಬರುವುದಿಲ್ಲ.

ಈ ಬಾರಿ ತರಗತಿ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಇನ್ನೊಬ್ಬನು ಕೈಯೆತ್ತಿದ್ದನು.